ಲಿಫ್ಟಣ್ಣನ ತಾಯಿ ಏಳನೇ ಮಹಡಿ ಹತ್ತಿದ್ದು

ನನ್ನ ಹೆಂಡತಿಯ ತಮ್ಮನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಅವನ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಊರಿಗೆಲ್ಲ ಅವನು ಲಿಫ್ಟಣ್ಣ. ಇಪ್ಪತ್ತಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುತ್ತಿದ್ದಾನೆ. ಯಾವುದೇ ಕಟ್ಟಡಕ್ಕೆ ಹೋದರೂ ಮೊದಲು ಲಿಫ್ಟಿನ ಗೋಡೆಗೆ ಕೆನ್ನೆಯಿಟ್ಟು ಸದ್ದು ಕೇಳುತ್ತಾನೆ. ಡಾಕ್ಟರು ರೋಗಿಯ ಎದೆ ನೋಡುವಾಗ ಕಾಣುವ ಗಾಂಭೀರ್ಯ ಅವನ ಮುಖದಲ್ಲಿರುತ್ತದೆ. ಜೊತೆಗೆ ಬಂದವರು ಗುರುತಿಲ್ಲದವರಂತೆ ಎರಡು ಹೆಜ್ಜೆ ದೂರ ನಿಲ್ಲಬೇಕಾಗುತ್ತದೆ.

ಮನುಷ್ಯರನ್ನು ಅವನು ಅಳೆಯುವ ರೀತಿಯೂ ಬೇರೆ. ಲಿಫ್ಟಿನೊಳಗೆ ‘ಎಂಟು ಜನ’ ಎಂದು ಬರೆದಿರುತ್ತದಲ್ಲ, ಅಲ್ಲಿ ಒಂದು ಜನ ಎಂದರೆ ಅರವತ್ತೆಂಟು ಕಿಲೋ ಅಂತೆ. ಹೋದ ತಿಂಗಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಭಾವ, ನೀವೀಗ ಒಂದೂಕಾಲು ಜನ ಆಗಿದೀರ” ಅಂದ. ಕುಹಕವಾಗಿದ್ದರೆ ತಿರುಗಿಸಿ ಏನಾದರೂ ಹೇಳಬಹುದಿತ್ತು. ಅವನ ದನಿಯಲ್ಲಿದ್ದದ್ದು ಬರೀ ಕಾಳಜಿ.

ನಾಲ್ಕು ವರ್ಷದ ಹಿಂದೆ ಅವನು ಏಳನೇ ಮಹಡಿಯಲ್ಲಿ ಒಂದು ಮನೆ ಕೊಂಡ. ನೆಂಟರಿಷ್ಟರೆಲ್ಲ ನೋಡಿ ಬಂದರು, ಹೊಗಳಿದರು, ಹೊಟ್ಟೆ ಉರಿದುಕೊಂಡರು. ನೋಡದೇ ಉಳಿದವರು ಒಬ್ಬರೇ, ಅವನ ತಾಯಿ. ಅಂದರೆ ನನ್ನ ಅತ್ತೆ. ಅವರಿಗೆ ಎಪ್ಪತ್ತೆಂಟು. ನೆಲಮಹಡಿಯಲ್ಲಿರುವ ನಮ್ಮ ಮನೆಯಲ್ಲೇ ಮಗಳ ಜೊತೆ ಇದ್ದಾರೆ. ಅವರ ಮಂಡಿಗೆ ಏಳು ಮಹಡಿ ಆಗುವ ಮಾತಲ್ಲ. ಇನ್ನು ಲಿಫ್ಟನ್ನು ಅವರು ಹತ್ತುವುದಿಲ್ಲ. ಲಿಫ್ಟಣ್ಣನ ತಾಯಿ ಲಿಫ್ಟ್ ಹತ್ತುವುದಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಅವನು ಮಾತ್ರ ನಗುವುದಿಲ್ಲ.

ಅದಕ್ಕೆ ಕಾರಣವಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೂರನೇ ತಿಂಗಳು, ತಾನು ಎಣ್ಣೆ ಹಾಕಿದ ಲಿಫ್ಟನ್ನು ತೋರಿಸಬೇಕೆಂದು ತಾಯಿಯನ್ನು ಕರೆದುಕೊಂಡು ಹೋಗಿದ್ದ. ಎರಡನೇ ಮಹಡಿ ದಾಟಿದ್ದೇ ತಡ, ಅದು ನಿಂತಿತು. ದೀಪವೂ ಹೋಯಿತು. ಅವನಿಗೆ ಆಗ ಹೊರಗಿನಿಂದ ಬಾಗಿಲು ತೆಗೆಯುವುದನ್ನಷ್ಟೇ ಕಲಿಸಿದ್ದರು. ಇದ್ದದ್ದು ಒಳಗೆ. ನಲವತ್ತು ನಿಮಿಷ ಅವನು ಬಾಗಿಲು ಬಡಿದ, ತಾಯಿ ಪ್ರಾರ್ಥನೆ ಮಾಡಿದರು. ಹೊರಗೆ ಬಂದ ಮೇಲೆ ಅವರು ಕೂದಲು ಸರಿಮಾಡಿಕೊಂಡು, “ಮೆಟ್ಟಿಲು ಎಲ್ಲಿದೆ?” ಎಂದು ಕೇಳಿದರಂತೆ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ಆ ದಿನ ತಾಯಿ ಲಿಫ್ಟನ್ನು ಬಿಟ್ಟರು, ಮಗ ದೇವರನ್ನು ಬಿಟ್ಟ. “ನಲವತ್ತು ನಿಮಿಷ ಕರೆದ್ರೂ ನಿನ್ ದೇವ್ರು ಬರಲಿಲ್ಲ. ಬಂದದ್ದು ನಮ್ಮ ಮೇಸ್ತ್ರಿ” ಎನ್ನುವುದು ಅವನ ವಾದ.

“ಮೇಸ್ತ್ರಿನ ಕಳಿಸಿದ್ಯಾರೋ?” ಎನ್ನುವುದು ಅವರ ಉತ್ತರ. ಇಪ್ಪತ್ತಾರು ವರ್ಷದಲ್ಲಿ ಈ ಮೊಕದ್ದಮೆ ಒಂದಿಂಚೂ ಮುಂದೆ ಹೋಗಿಲ್ಲ.

ಚಳಿಗಾಲದ ರಜೆಯಲ್ಲಿ ಮನೆಮಂದಿಯೆಲ್ಲ ಸೇರುವುದು ನಮ್ಮಲ್ಲೇ. ಊಟಕ್ಕೆ ಮುಂಚೆ ಅತ್ತೆ ಎಲ್ಲರನ್ನೂ ಕೂರಿಸಿ, ತಮ್ಮ ತಾಯಿಯಿಂದ ಕಲಿತ ನಾಲ್ಕು ಸಾಲಿನ ಪ್ರಾರ್ಥನೆ ಹೇಳುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಲಿಫ್ಟಣ್ಣನಿಗೆ ಕೈ ತೊಳೆಯುವ ನೆನಪಾಗುತ್ತದೆ. ಗ್ರೀಸು ಅಷ್ಟು ಬೇಗ ಹೋಗುವುದಿಲ್ಲವಂತೆ.

ಈ ಸಲ ರಜೆಗೆ ಒಂದು ವಾರ ಮೊದಲು ನಮ್ಮ ಮನೆಗೆ ಬಂದವನು, ಸ್ವೆಟರ್ ಕೂಡ ಬಿಚ್ಚದೆ ತಾಯಿಯ ಎದುರು ಕೂತ.

“ಅಮ್ಮ, ಈ ಸಲ ಊಟ ನಮ್ಮನೇಲಿ.”

“ನನ್ನ ಮಂಡಿನ ಕೇಳಿದ್ಯಾ?”

“ಲಿಫ್ಟಿಗೆ ಹೊಸ ಹಗ್ಗ ಹಾಕಿದೀನಿ. ಬ್ರೇಕ್ ನಾನೇ ಬಿಚ್ಚಿ ನಾನೇ ಜೋಡಿಸಿದೀನಿ. ಒಂದು ತಿಂಗಳಿಂದ ಅದಕ್ಕೆ ಬೇರೆ ಯಾರೂ ಕೈ ಹಚ್ಚಿಲ್ಲ. ಇನ್ನೂ ಏನು ಮಾಡ್ಲಿ ಹೇಳು. ನೀನು ನನ್ನ ಮನೆ ನೋಡ್ಬೇಕಮ್ಮ.”

ಅತ್ತೆ ಅವನನ್ನೇ ನೋಡಿದರು. “ಬರ್ತೀನಿ. ಆದ್ರೆ ನೀನು ಜೊತೇಲಿರಕೂಡದು.”

“ಯಾಕೆ?”

“ನೀನೂ ಒಳಗಿದ್ರೆ ಹೊರಗಿಂದ ತೆಗೆಯೋರ್ಯಾರು? ನೀನು ಮೇಲೆ ಯಂತ್ರದ ಹತ್ರ ಇರು.”

“ಹಾಗಾದ್ರೆ ಒಬ್ಬಳೇ ಬರ್ತೀಯಾ?”

“ಒಬ್ಬಳೇ ಯಾಕೆ? ಅಳಿಯಂದಿರು ಇದಾರಲ್ಲ.”

ನನ್ನ ಚಹಾ ಮೂಗಿಗೆ ಹತ್ತಿತು. ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಾನೂ ಲಿಫ್ಟ್ ಹತ್ತುವವನಲ್ಲ. ಆರೋಗ್ಯಕ್ಕಾಗಿ ಮೆಟ್ಟಿಲು ಹತ್ತುತ್ತೇನೆ ಎಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ನನ್ನ ಆಕಾರ ನೋಡಿದವರು ನಂಬುವುದಿಲ್ಲ, ಆದರೆ ಮರ್ಯಾದೆಗೆ ಸುಮ್ಮನಿರುತ್ತಾರೆ. “ಅತ್ತೆ, ನಂಗೆ ಆವತ್ತು ಆಫೀಸಲ್ಲಿ...” ಎಂದು ಶುರು ಮಾಡಿದೆ.

“ಆವತ್ತು ಭಾನುವಾರ ಕಣ್ರೀ” ಎಂದು ಅಡುಗೆಮನೆಯಿಂದ ನನ್ನವಳು ನನ್ನ ಕತೆ ಮುಗಿಸಿದಳು.

ಭಾನುವಾರ ಮಧ್ಯಾಹ್ನ ನಾನು ಮತ್ತು ಅತ್ತೆ ಆ ಲಿಫ್ಟಿನ ಮುಂದೆ ನಿಂತೆವು. ಉಳಿದವರೆಲ್ಲ ಮೊದಲೇ ಮೇಲೆ ಹೋಗಿದ್ದರು. ಅತ್ತೆ ಶಾಲು ಬಿಗಿಯಾಗಿ ಹೊದ್ದು, ನನ್ನ ತೋಳನ್ನು ಅದಕ್ಕಿಂತ ಬಿಗಿಯಾಗಿ ಹಿಡಿದಿದ್ದರು. ನಾನೇ ಅವರನ್ನು ಹಿಡಿದುಕೊಂಡಿದ್ದೇನೆ ಎಂದು ನೋಡುವವರಿಗೆ ಅನ್ನಿಸಿರಬಹುದು. ಅದೂ ಸುಳ್ಳಲ್ಲ.

ಒಳಗೆ ಹೋದೆವು. ಗುಂಡಿಗಳ ಮೇಲೆ ಚಿಕ್ಕದೊಂದು ತೂತಿನ ತಗಡು ಇತ್ತು. ತಾರಸಿಯ ಯಂತ್ರದ ಕೋಣೆಯಲ್ಲಿ ಫೋನಿನಂಥದ್ದನ್ನು ಎತ್ತಿ ಮಾತಾಡಿದರೆ ಅದರಲ್ಲಿ ಕೇಳಿಸುತ್ತದೆ, ಇಲ್ಲಿಯ ಮಾತು ಅಲ್ಲಿಗೂ ಹೋಗುತ್ತದೆ.

“ಅಮ್ಮ, ಕೇಳಿಸ್ತಾ? ಬಾಗಿಲು ಈಗ ಮುಚ್ಚುತ್ತೆ. ಹೆದರ್ಬೇಡ. ಭಾವ, ಏಳು ಒತ್ತಿ.”

ಒತ್ತಿದೆ. ಬಾಗಿಲು ಮುಚ್ಚಿತು. ನೆಲ ಮೆಲ್ಲಗೆ ನಮ್ಮನ್ನು ಎತ್ತಿತು. ಅತ್ತೆ ಕಣ್ಣು ಮುಚ್ಚಿದರು. ಹಿರಿಯರಿಗೆ ಮರ್ಯಾದೆ ಕೊಟ್ಟು ನಾನೂ ಮುಚ್ಚಿದೆ.

ಆಗ ತಗಡಿನಿಂದ ಏನೋ ಗೊಣಗಾಟ ಕೇಳತೊಡಗಿತು. ಮೊದಲಿಗೆ ಯಂತ್ರದ ಸದ್ದು ಅಂದುಕೊಂಡೆ. ಅಲ್ಲ. ಲಿಫ್ಟಣ್ಣ ಫೋನನ್ನು ಕೊಂಡಿಗೆ ಸಿಕ್ಕಿಸುವುದನ್ನು ಮರೆತು ಪಕ್ಕದಲ್ಲಿಟ್ಟಿದ್ದ. ವರ್ಷಗಟ್ಟಲೆ ಸಹಾಯಕರಿಗೆ ಯಾವ ತಪ್ಪಿಗಾಗಿ ಬೈದನೋ ಅದೇ ತಪ್ಪು.

“ಕೈ ಹಿಡಿದವನೇ, ಕೈ ಬಿಡಬೇಡ. ಹೊರಟವರನ್ನು ಮನೆ ಮುಟ್ಟಿಸು. ಮುಟ್ಟಿದವರಿಗೆ ನೆಮ್ಮದಿ ಕೊಡು... ಕೈ ಹಿಡಿದವನೇ, ಕೈ ಬಿಡಬೇಡ. ಹೊರಟವರನ್ನು...”

ಕಣ್ಣು ಬಿಟ್ಟು ನೋಡಿದರೆ ಅತ್ತೆಯೂ ಬಿಟ್ಟಿದ್ದರು. ಅವರ ಪ್ರಾರ್ಥನೆ. ಕೈ ತೊಳೆಯಲು ಎದ್ದುಹೋಗುತ್ತಿದ್ದವನ ಬಾಯಲ್ಲಿ, ಬಾಯಿಪಾಠ ಒಪ್ಪಿಸುವ ಹುಡುಗನ ಅವಸರದಲ್ಲಿ, ಸುತ್ತಿ ಸುತ್ತಿ ಅದೇ. ನಾಲ್ಕನೇ ಮಹಡಿ ಹೋಯಿತು. ಐದು. ಅವರ ಹಿಡಿತ ನನ್ನ ತೋಳಿನಿಂದ ಯಾವಾಗ ಸಡಿಲವಾಯಿತೋ ತಿಳಿಯಲಿಲ್ಲ. ಅವರು ಕೇಳಿಸಿಕೊಳ್ಳುತ್ತಿದ್ದರು, ತಲೆ ಒಂದು ಕಡೆ ವಾಲಿಸಿಕೊಂಡು. ಮೂರನೇ ಸಲ ಅವನು ಮೊದಲಿನಿಂದ ಶುರುಮಾಡಿದಾಗ ಅವರಿಗೆ ತಡೆಯಲಾಗಲಿಲ್ಲ.

“ಲೋ! ಒಂದು ಸಾಲು ನುಂಗಿದೀಯ!”

ಗೊಣಗಾಟ ಫಕ್ಕನೆ ನಿಂತಿತು. ಲಿಫ್ಟ್ ನಿಂತು ಬಾಗಿಲು ತೆರೆಯಿತು. ಹೊರಗೆ ಸೊಸೆ, ಮೊಮ್ಮಕ್ಕಳು, ನನ್ನವಳು, ಎಲ್ಲರೂ ಸಾಲಾಗಿ ನಿಂತಿದ್ದರು. “ಅಜ್ಜಿ ಬಂದ್ಲು!” ಎಂದು ಮಕ್ಕಳು ಕಿರುಚಿದರು. ಅಜ್ಜಿ ಮಾತ್ರ ತಗಡಿನ ಕಡೆಗೇ ಮುಖ ಮಾಡಿ, ಬೆರಳೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

“ನಾಲ್ಕನೇ ಸಾಲು ಎಲ್ಲೋಯ್ತು?”

“ಅಮ್ಮ, ಇಳಿ. ಬಾಗಿಲು ಮುಚ್ಕೊಳ್ಳುತ್ತೆ.”

“ಮುಚ್ಲಿ. ಹೇಳು, ಆಮೇಲೆ ಇಳೀತೀನಿ.”

ಬಾಗಿಲು ಮುಚ್ಚಲು ಬಂತು. ನಾನು ನನ್ನ ಒಂದೂಕಾಲು ಜನವನ್ನೂ ಅಡ್ಡ ಕೊಟ್ಟು ನಿಂತೆ. ಅದು ನನ್ನನ್ನು ಮುಟ್ಟಿ ಹಿಂದೆ ಹೋಯಿತು, ಮತ್ತೆ ಬಂತು. ತಗಡಿನಲ್ಲಿ ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

“ನನ್ನ ಕೈಯಲ್ಲಿ ಆಗದ್ದನ್ನು...”

“ಹೂಂ.”

“ನನ್ನ ಕೈಯಲ್ಲಿ ಆಗದ್ದನ್ನು ನಿನ್ನ ಕೈಗೆ ಬಿಟ್ಟಿದ್ದೇನೆ.”

“ಮರೆತಿಲ್ಲ ಹಾಗಾದ್ರೆ” ಎಂದು ಅತ್ತೆ ಹೊರಗೆ ಕಾಲಿಟ್ಟರು. ಮೊಮ್ಮಕ್ಕಳು ಎರಡೂ ಕಡೆಯಿಂದ ಹಿಡಿದು ಒಳಗೆ ಎಳೆದುಕೊಂಡು ಹೋದರು. ಲಿಫ್ಟಣ್ಣ ತಾರಸಿಯಿಂದ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಕಿವಿಯವರೆಗೂ ಕೆಂಪಾಗಿದ್ದ.

“ಭಾವ, ಅದೂ... ಸುಮ್ನೆ ಬಾಯಿಗೆ ಬಂತು.”

“ಮೂರು ಸಲ ಬಂತಪ್ಪ” ಎಂದೆ. ಅಷ್ಟಾದರೂ ಹೇಳದಿದ್ದರೆ ಭಾವನಾಗಿ ಏನು ಪ್ರಯೋಜನ?

ಒಳಗೆ ಊಟ ಬಡಿಸಿಟ್ಟಿತ್ತು. ಅತ್ತೆ ಕೂರಲಿಲ್ಲ. ನಾಲ್ಕು ವರ್ಷದ ಬಾಕಿ ನೋಡಬೇಕಿತ್ತು. ಕೋಣೆ ಕೋಣೆಗೆ ಹೋದರು, ಕಪಾಟು ತೆರೆದರು, ಹಾಸಿಗೆ ಒತ್ತಿ ನೋಡಿದರು, ಕಿಟಕಿಯಿಂದ ಮಂಜು ಮುಸುಕಿದ ಊರನ್ನು ನೋಡಿ “ಅಬ್ಬಾ” ಅಂದರು. ಲಿಫ್ಟಣ್ಣ ಹಿಂದೆ ಹಿಂದೆಯೇ ಇದ್ದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ. ಕೊನೆಗೆ ಅಡುಗೆಮನೆಯಲ್ಲಿ ನಿಂತರು.

“ಈ ನಲ್ಲಿ ತೊಟ್ಟಿಕ್ತಿದೆಯಲ್ಲೋ. ಊರ ಲಿಫ್ಟೆಲ್ಲ ರಿಪೇರಿ ಮಾಡ್ತೀಯ, ಮನೆ ನಲ್ಲಿ ನೋಡೋಕೆ ಪುರಸೊತ್ತಿಲ್ವಾ?”

“ನಾನು ಆರು ತಿಂಗಳಿಂದ ಹೇಳ್ತಾನೇ ಇದೀನಿ ಅತ್ತೆ” ಎಂದಳು ಸೊಸೆ.

ಇಪ್ಪತ್ತಾರು ವರ್ಷ ಕಾದಿದ್ದ ಬೈಗುಳ ಅದು. ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಅನ್ನ ಆರುತ್ತಿದೆ ಎಂದು ಎಲ್ಲರೂ ಕೂಗುತ್ತಿದ್ದರೂ ಕೇಳದೆ ಸ್ಪ್ಯಾನರ್ ತಂದು, ಹೊಸ ಅಂಗಿಯಲ್ಲೇ ಸಿಂಕಿನ ಕೆಳಗೆ ಮಲಗಿಬಿಟ್ಟ. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಟಾರ್ಚು ಹಿಡಿದು ಕೂತರು.

“ಎಡಕ್ಕೆ ತಿರುಗಿಸೋ.”

“ಗೊತ್ತಮ್ಮ.”

“ಏನು ಗೊತ್ತು? ಮುಖಕ್ಕೆ ನೀರು ಬೀಳುತ್ತೆ, ನೋಡ್ಕೋ.”

ಬಿತ್ತು.