ಬೀಗರು ಇಟ್ಟ ಬೊಟ್ಟು

ಆಗ ನನಗೆ ಅರವತ್ತಾರು. ಇದಾಗಿ ಆರು ವರ್ಷವಾಯಿತು. ನನ್ನ ಬೀಗರ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಲಾರಿಯ ಜಾಕ್ ಜಾರಿ ಕಿತ್ತುಹೋದ ಉಗುರು ಮತ್ತೆ ಹುಟ್ಟಲೇ ಇಲ್ಲ. ಆ ಜಾಗದ ಚರ್ಮ ಸುಟ್ಟ ಬದನೆಕಾಯಿಯ ಸಿಪ್ಪೆಯ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಯಾವ ಯಂತ್ರ ಕಂಡರೂ ಮೊದಲು ಆ ಬೆರಳನ್ನು ಅದರ ಮೈಗೆ ಒತ್ತಿ ಕಣ್ಣು ಮುಚ್ಚುತ್ತಿದ್ದರು. ನಮ್ಮ ಮನೆಯ ಮಿಕ್ಸಿಯನ್ನೂ ಬಿಟ್ಟಿರಲಿಲ್ಲ.

"ಬಾಯಿ ಸುಳ್ಳು ಹೇಳ್ತದ ಚೆಲ್ಲೆಮ್ಮಾ, ನಡುಕ ಹೇಳಂಗಿಲ್ಲ," ಎನ್ನುತ್ತಿದ್ದರು.

ಚೆಲ್ಲೆಮ್ಮ ಎಂದರೆ ತೆಲುಗಿನಲ್ಲಿ ತಂಗಿ. ಗಂಡಿನ ಅಪ್ಪ ಹೆಣ್ಣಿನ ತಾಯಿಯನ್ನು ಹಾಗೆ ಕರೆಯುವುದು ಅವರ ಕಡೆಯ ರೂಢಿ. ಅವರ ತಾಯಿ ಸಿರುಗುಪ್ಪದ ಕಡೆಯವರು, ಅಪ್ಪ ವಿಜಯವಾಡದವರು. ಹಾಗಾಗಿ ಅವರ ಕನ್ನಡ ಅರ್ಧ ದಾರಿಗೆ ಬಂದು ತೆಲುಗಿನ ಕಡೆ ತಿರುಗಿಬಿಡುತ್ತಿತ್ತು. ವಿಜಯವಾಡದ ಆಟೋನಗರದಲ್ಲಿ ಲಾರಿ ಇಂಜಿನ್ ರಿಪೇರಿಯ ಶೆಡ್ ಅವರದು. ಮಗ, ಅಂದರೆ ನನ್ನ ಅಳಿಯ, ವಿಶಾಖಪಟ್ಟಣದ ಬಂದರಿನಲ್ಲಿ ಕೆಲಸಕ್ಕಿದ್ದ. ಅವನೂ ನನ್ನ ಮಗಳೂ ಅದೇ ಊರಿನ ಮಧುರವಾಡದಲ್ಲಿ ಬಾಡಿಗೆ ಮನೆ ಮಾಡಿದ್ದರು. ನನ್ನ ಗಂಡ ಸತ್ತ ಮೇಲೆ ನಾನೂ ಅಲ್ಲಿಗೇ ಬಂದೆ. ಮಗಳ ಮನೆಯಲ್ಲಿ ತಾಯಿ ಉಳಿಯುವುದು ನಮ್ಮಲ್ಲಿ ಒಳ್ಳೆಯ ಮಾತಲ್ಲ. ಗಂಟು ಹಿಡಿದು ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, ಅಂದು ಅಲ್ಲಿಗೆ ಬಂದಿದ್ದ ಬೀಗರು ಹೇಳಿದ್ದು ಇಷ್ಟೇ: "ಎರಡು ಸೀರಿ ಗಂಟು ಸಾಲಂಗಿಲ್ಲ ಚೆಲ್ಲೆಮ್ಮಾ. ಉಳಿಯಾಕ ಬಂದವರು ದೊಡ್ಡ ಗಂಟು ತರ್ತಾರ." ಆಮೇಲೆ ಆ ವಿಷಯವನ್ನು ಯಾರೂ ಎತ್ತಲಿಲ್ಲ.

ಹಾಗೆಂದು ಅವರು ದೇವರಂಥ ಮನುಷ್ಯ ಎಂದು ನಾನು ಹೇಳುವುದಿಲ್ಲ. ಊಟಕ್ಕೆ ಕೂತರೆ ಉಪ್ಪು ಕಡಿಮೆ ಎಂದು ಮೊದಲ ತುತ್ತಿಗೇ ಹೇಳುವವರು. ಡೀಸೆಲ್ ವಾಸನೆಯ ಅಂಗಿಯಲ್ಲೇ ನನ್ನ ಮಡಚಿಟ್ಟ ಬಟ್ಟೆಯ ಮೇಲೆ ಕೂರುವವರು. ನಾನು ಬೈದರೆ, "ಆ ವಾಸನಿಯಿಂದಾನ ನಿಮ್ಮ ಅಳಿಯ ದೊಡ್ಡವನಾದ," ಎಂದು ಇನ್ನಷ್ಟು ಒರಗುವವರು.

ಮಗಳಿಗೆ ಮನೆಯಿಂದಲೇ ಕೆಲಸ. ದೂರದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಯ ವಿಚಾರವನ್ನು ಬಾಯಲ್ಲಿ ಹೇಳಿ ಕಳಿಸುತ್ತಾರೆ. ಆ ದನಿ ಇಂಟರ್ನೆಟ್ಟಿನಲ್ಲಿ ಬರುತ್ತದೆ. ಇವಳು ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಕೇಳಿ, ಟೈಪು ಮಾಡಿ ಹೇಳಿದ ಹೊತ್ತಿಗೆ ಕಳಿಸಬೇಕು. ಮದುವೆಯ ಮಾತುಕತೆಯಲ್ಲಿ ನಾನು ಕೇಳಿದ್ದು ಒಂದೇ, ಹುಡುಗಿಯನ್ನು ಕೆಲಸ ಬಿಡಿಸಬಾರದು. ಬೀಗಿತಿ ಆಗ ಸುಮ್ಮನಿದ್ದರು. ಬೀಗರು ಉಗುರಿಲ್ಲದ ಬೆರಳನ್ನು ನೆಲಕ್ಕೆ ಒತ್ತಿ, "ಬಿಡ್ಸಂಗಿಲ್ಲ," ಎಂದಿದ್ದರು.

ಆ ವರ್ಷದ ದಸರೆಗೆ ಬೀಗರು ನಮ್ಮ ಮನೆಗೆ ಬಂದರು. ಆಯುಧಪೂಜೆ ಅವರಿಗೆ ಯುಗಾದಿಗಿಂತ ದೊಡ್ಡದು. ಆಟೋನಗರದಲ್ಲಿ ಅವರು ಲಾರಿಗೆ ಹೊರಗಿನಿಂದ ಹೂ ಹಾಕಿ ಕೈಮುಗಿಯುವವರಲ್ಲ. ಬಾನೆಟ್ ಎತ್ತಿ, ಇಂಜಿನ್ ಬಿಚ್ಚಿದ್ದರೆ ಬಿಚ್ಚಿದ ಹಾಗೇ, ಅರಿಶಿನ ಕುಂಕುಮ ಕಲಸಿ ಒಳಗೇ ಬೊಟ್ಟಿಡುವವರು. "ಮೈಮ್ಯಾಲಿನ ಬೊಟ್ಟು ಧೂಳಿಗೆ, ಒಳಗಿನ ಬೊಟ್ಟು ಅಮ್ಮವಾರಿಗೆ," ಎಂಬುದು ಅವರ ಮಾತು. ಅಮ್ಮವಾರು ಎಂದರೆ ದೇವಿ. ನಮ್ಮ ಮನೆಯಲ್ಲಿ ಸ್ಕೂಟರು, ಇಳಿಗೆಮಣೆ, ಹೊಲಿಗೆ ಯಂತ್ರ ಎಲ್ಲಕ್ಕೂ ಅವರೇ ಪೂಜೆ ಮಾಡಿದರು. ನಾನು ಹೋಳಿಗೆ ಬೇಯಿಸುತ್ತಿದ್ದೆ, ಮಗಳು ಸ್ನಾನಕ್ಕೆ ಹೋಗಿದ್ದಳು. ಬಂದು ನೋಡಿದರೆ ಕಂಪ್ಯೂಟರಿನ ಡಬ್ಬಿಯ ಮೇಲೆ ಚೆಂಡುಹೂವಿನ ಮಾಲೆ ಇತ್ತು. ಚೆನ್ನಾಗಿದೆ ಎಂದುಕೊಂಡೆವು.

ದೀಪಾವಳಿ ಮುಗಿಯುವಷ್ಟರಲ್ಲಿ ಸಮುದ್ರದ ಕಡೆಯಿಂದ ವಾಯುಭಾರ ಕುಸಿತದ ಗಾಳಿ ಶುರುವಾಯಿತು. ಮನೆಯ ಉಪ್ಪೆಲ್ಲ ನೀರೊಡೆಯಿತು, ಬಾಗಿಲು ಉಬ್ಬಿದವು. ಅದೇ ಹೊತ್ತಿಗೆ ಮಗಳ ಕಂಪ್ಯೂಟರ್ ಕೆಟ್ಟ ಚಾಳಿ ಕಲಿಯಿತು. ಇಳಿಸಿಕೊಂಡ ಫೈಲು ತೆರೆಯುವುದಿಲ್ಲ. ತೆರೆದರೆ ಡಾಕ್ಟರ ಮಾತಿನ ಮಧ್ಯೆ ಕರಕರ ಸದ್ದು. ಮತ್ತೆ ಇಳಿಸಿದರೆ ಇನ್ನೊಂದು ಜಾಗದಲ್ಲಿ ಕೆಟ್ಟಿರುತ್ತದೆ. ಎಲ್ಲವೂ ಹಾಗಲ್ಲ. ಚಿಕ್ಕವು ಬದುಕುತ್ತಿದ್ದವು, ದೊಡ್ಡವು ಸಾಯುತ್ತಿದ್ದವು.

ಇಂಟರ್ನೆಟ್ಟಿನವನು ಬಂದು ವೈರು ಬದಲಿಸಿದ, ಗೋಡೆಯ ಮೇಲಿನ ಪೆಟ್ಟಿಗೆಯನ್ನೂ ಬದಲಿಸಿದ. ಆಗಲಿಲ್ಲ. ರಿಪೇರಿಯವನು ಬಂದು ವೈರಸ್ ಎಂದ. ಎಲ್ಲ ಅಳಿಸಿ ಹೊಸದಾಗಿ ತುಂಬಿದ. ಎರಡು ದಿನ ಚೆನ್ನಾಗಿದ್ದು ಮತ್ತೆ ಅದೇ ಹಾಡು. ರೋಗಿಗಳ ವಿಚಾರವಾದ್ದರಿಂದ ಫೋನಿನಲ್ಲಿ ಇಳಿಸುವ ಹಾಗಿಲ್ಲ, ಕಂಪನಿಯವರು ಒಪ್ಪಿದ ಆ ಕಂಪ್ಯೂಟರೇ ಆಗಬೇಕು. ಕೆಲಸ ತಡವಾಯಿತು. ಒಂದು ಸಲ ಕರಕರದ ನಡುವೆ ಔಷಧಿಯ ಅಳತೆ ಸರಿಯಾಗಿ ಕೇಳದೆ ತಪ್ಪು ಟೈಪಾಯಿತು. ಪುಣ್ಯಕ್ಕೆ ಮೇಲಿನವರು ಹಿಡಿದರು. ಇನ್ನೊಂದು ಸಲ ಹೀಗಾದರೆ ಕೆಲಸ ವಾಪಸು ತೆಗೆದುಕೊಳ್ಳುತ್ತೇವೆ ಎಂದು ಹೇಳಿದರು.

ಮಗಳು ಊಟ ಬಿಟ್ಟಳು. ಕಂಪ್ಯೂಟರಿನ ಮುಂದೆ ಕೂತು, ಒಳಗೆ ಹಾವು ಸೇರಿಕೊಂಡಿದೆಯೇನೋ ಎಂಬಂತೆ ಅದನ್ನೇ ನೋಡುತ್ತಿದ್ದಳು. ಸುದ್ದಿ ವಿಜಯವಾಡಕ್ಕೆ ಹೋಯಿತು. ಬೀಗಿತಿ ಫೋನು ಮಾಡಿ, ಪೂಜೆಯಾದ ತಿಂಗಳಲ್ಲೇ ಹೀಗೆ ಆಗುತ್ತಿದೆ ಎಂದರೆ ಆ ಕೆಲಸ ಅಮ್ಮವಾರಿಗೆ ಬೇಡ, ಸಾಕು, ಸೊಸೆ ಇಲ್ಲಿಗೆ ಬಂದು ಇರಲಿ ಎಂದರು. ಕರೆತರಲು ತಮ್ಮ ಗಂಡನನ್ನೇ ಕಳಿಸಿದರು.

ಬೀಗರು ಬೆಳಗಿನ ರೈಲಿಗೆ ಇಳಿದು ಬಂದರು. ನಾನು ಬಾಗಿಲಲ್ಲೇ ಕೇಳಿದೆ.

"ಮಾತು ಕೊಟ್ಟವರು ಬಂದ್ರೋ, ಕರಕೊಂಡು ಹೋಗವರು ಬಂದ್ರೋ?"

"ಮೊದಲು ಚಾ ಕೊಡ್ರಿ ಚೆಲ್ಲೆಮ್ಮಾ. ಕಂಗಾರು ಪಡಬ್ಯಾಡ್ರಿ."

"ನನಗ್ಯಾಕ ಗಾಬರಿ? ನಿಮ್ಮ ಮಾತು ನಿಮ್ಮ ಕೊಳ್ಳಾಗ ಐತಿ."

ಅವರು ಚಹಾ ಕುಡಿದು, ಕಂಪ್ಯೂಟರಿನ ಡಬ್ಬಿಗೆ ಹೆಬ್ಬೆರಳು ಒತ್ತಿ ಕಣ್ಣು ಮುಚ್ಚಿದರು. ಮಗಳು ಅಷ್ಟು ದಿನದ ಮೇಲೆ ಮೊದಲ ಸಲ ನಕ್ಕಳು.

"ಮಾವಯ್ಯ, ಇದು ಲಾರಿ ಅಲ್ಲ."

"ಗೊತ್ತಮ್ಮಾಯ್. ಇದರ ಬಗ್ಗೆ ನನಗ ಏನೂ ತಿಳೀದು. ನೀನು ಮಾಡು, ನಾ ಇಲ್ಲೇ ಕೂತಿರ್ತೀನಿ. ಆದ್ರ ಒಂದ್ಸಲಕ್ಕ ಒಂದ ನಟ್ಟು ಬಿಚ್ಚು. ಎರಡು ಬಿಚ್ಚಿದ್ರ ಯಾವುದರಿಂದ ಸರಿಹೋಯ್ತು ಅಂತ ದೇವರಿಗೂ ಗೊತ್ತಾಗಂಗಿಲ್ಲ."

ಕೂತರು. ಆ ದಿನ ಅವರಿಂದ ಆದ ದೊಡ್ಡ ಸಹಾಯ ಅದೇ, ಕೂತಿದ್ದು. ಅಷ್ಟು ದಿನ ಮಗಳು ಹೆದರಿ ಸಿಕ್ಕಿದ್ದಕ್ಕೆಲ್ಲ ಕೈ ಹಾಕಿದ್ದಳು. ಪಕ್ಕದಲ್ಲಿ ಹಿರಿಯರು ಕೂತು ಅವಸರ ಮಾಡದೆ ಇದ್ದುದರಿಂದ ಒಂದೊಂದಾಗಿ ಯೋಚಿಸಿದಳು. ಪ್ರತಿ ಫೈಲಿಗೂ ಕಂಪ್ಯೂಟರ್ ಲೆಕ್ಕ ಹಾಕಿ ಒಂದು ಗುರುತು ಕೊಡುತ್ತದಂತೆ, ಮೂಟೆಗೆ ತೂಕ ಇದ್ದ ಹಾಗೆ. ಫೈಲು ಬದಲಾಗದಿದ್ದರೆ ಗುರುತೂ ಬದಲಾಗಬಾರದು. ಮಗಳು ಹೊಸದೇನನ್ನೂ ಇಳಿಸಲಿಲ್ಲ. ಒಳಗೆ ಮೊದಲೇ ಇದ್ದ ಒಂದು ದೊಡ್ಡ ಫೈಲಿಗೆ ಗುರುತು ಕೇಳಿದಳು. ಅದೇ ಫೈಲಿಗೆ ಮತ್ತೆ ಕೇಳಿದಳು. ಎರಡೂ ಬೇರೆ ಬೇರೆ ಬಂದವು.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಮಾವಯ್ಯ, ಇಂಟರ್ನೆಟ್ ತಪ್ಪಲ್ಲ! ಇಟ್ಟ ಮೂಟಿ ಇಟ್ಟಲ್ಲೇ ಐತಿ, ತೂಗಿದಾಗೊಂದು ತೂಕ ಬರಾಕತ್ತೈತಿ. ತಕ್ಕಡಿ ಕೆಟ್ಟೈತಿ. ಮೆಮೊರಿ!"

ಮೆಮೊರಿ ಎಂದರೆ ಒಳಗಿರುವ ಎರಡು ಚಿಕ್ಕ ಪಟ್ಟಿಗಳು. ಬರುವುದೆಲ್ಲ ಮೊದಲು ಅಲ್ಲಿ ಕೂತು ಆಮೇಲೆ ಮುಂದೆ ಹೋಗುತ್ತದಂತೆ. ಅವುಗಳ ಅಂಚಿನ ಲೋಹದ ಹಲ್ಲನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ ಎಂದು ಹೇಳಿ, ರಬ್ಬರ್ ತರಲು ಮಗಳು ಕೆಳಗಿನ ಅಂಗಡಿಗೆ ಓಡಿದಳು. ಅಷ್ಟರಲ್ಲಿ ಡಬ್ಬಿಯ ಪಕ್ಕದ ತಗಡು ಬಿಚ್ಚಿಡೋಣ ಎಂದು ಬೀಗರು ವೈರು ಕಿತ್ತು ಸ್ಕ್ರೂ ತಿರುಗಿಸಿದರು. ನಾನು ಫೋನಿನ ಬೆಳಕು ಹಿಡಿದೆ.

ತಗಡು ತೆಗೆದರು. ಆ ಪಟ್ಟಿಗಳು ಕೂತಿದ್ದ ಜಾಗದಲ್ಲಿ ಒಂದು ದಪ್ಪ ಬೊಟ್ಟು. ಅರಿಶಿನದ್ದು, ಅದರ ನಡುವೆ ಕುಂಕುಮ. ಸಮುದ್ರದ ಗಾಳಿಗೆ ಪಸೆಯೊಡೆದು, ಹಲ್ಲುಗಳ ಸಂದಿಗೆ ಇಳಿದು, ಅಂಚಿನಲ್ಲಿ ಹಸಿರು ಹಿಡಿದಿತ್ತು.

ಬೀಗರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ದಸರೆಯ ದಿನ ಈ ತಗಡನ್ನು ಯಾರು ಬಿಚ್ಚಿದ್ದರೆಂದು ಕೇಳುವ ಅಗತ್ಯ ಇರಲಿಲ್ಲ.

ಅವರು ಜೇಬಿನಿಂದ ಕರವಸ್ತ್ರ ತೆಗೆದರು. ಒಂದು ಸಲ ಒರೆಸಿದ್ದರೆ ಮುಗಿಯುತ್ತಿತ್ತು. ತೇವಕ್ಕೆ ಕೆಟ್ಟಿತು ಎಂದರೆ ಮಗಳು ನಂಬುತ್ತಿದ್ದಳು. ನಾನೂ ಬಾಯಿ ಬಿಡುತ್ತಿರಲಿಲ್ಲ. ಬೀಗರ ಮಾನ ತೆಗೆದು ಮಗಳ ಬಾಳು ಉದ್ಧಾರ ಮಾಡಿದ ತಾಯಿಯನ್ನು ನಾನು ಇನ್ನೂ ಕಂಡಿಲ್ಲ. "ಒರಸಿಬಿಡ್ರಿ," ಎಂದೂ ಹೇಳಿದೆ.

ಅವರು ಕರವಸ್ತ್ರವನ್ನು ಮಡಚಿ ವಾಪಸು ಜೇಬಿಗೆ ಹಾಕಿಕೊಂಡರು. ಮಗಳು ಮೆಟ್ಟಿಲು ಹತ್ತಿ ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು.

"ಅಮ್ಮಾಯ್, ಬಾ, ನೋಡು. ನಾನು ಇಟ್ಟ ಬೊಟ್ಟು."

ಅವಳು ಬಗ್ಗಿ ನೋಡಿದಳು. ಆಮೇಲೆ ಕೂಗಿದಳು. ಮಾವನ ಮುಂದೆ ಅವಳು ದನಿ ಎತ್ತಿದ್ದು ಅದೊಂದೇ ಸಲ. "ಇಷ್ಟು ದಿನ ನಾ ಸತ್ತು ಬದುಕಿದ್ದು ಇದಕ್ಕಾ ಮಾವಯ್ಯ? ಒಂದು ಮಾತು ನನ್ನ ಕೇಳಬಾರದಾಗಿತ್ತಾ?"

"ಕೇಳಬೇಕಾಗಿತ್ತು," ಎಂದರು. ಅಷ್ಟೇ. ಒಳ್ಳೆಯದಕ್ಕೆ ಮಾಡಿದೆ ಎನ್ನಲಿಲ್ಲ, ದೇವರು ಎನ್ನಲಿಲ್ಲ.

ರಬ್ಬರಿನಿಂದ ತಿಕ್ಕಿದರೂ ಒಂದು ಪಟ್ಟಿ ಬದುಕಲಿಲ್ಲ. ಇನ್ನೊಂದನ್ನು ಚೊಕ್ಕ ಮಾಡಿ, ಬೊಟ್ಟು ತಾಗದ ಜಾಗದಲ್ಲಿ ಕೂರಿಸಿದಳು. ಕಂಪ್ಯೂಟರ್ ಮುದಿ ಎತ್ತಿನ ಹಾಗೆ ನಿಧಾನವಾಯಿತು. ಆದರೆ ಕೇಳಿದಷ್ಟು ಸಲವೂ ಅದೇ ಗುರುತು ಕೊಟ್ಟಿತು.

ಬೀಗರು ನಮ್ಮೆದುರಿಗೇ ವಿಜಯವಾಡಕ್ಕೆ ಫೋನು ಹಚ್ಚಿದರು. ಹೆಂಡತಿಗೆ ತೆಲುಗಿನಲ್ಲಿ ಹೇಳಿದರು: ಹುಡುಗಿಯ ತಪ್ಪಿಲ್ಲ, ಅಮ್ಮವಾರಿಯ ಕೋಪವೂ ಇಲ್ಲ, ಕೆಡಿಸಿದ್ದು ನಾನು, ಸೊಸೆ ಬರುವುದಿಲ್ಲ. ಆ ಕಡೆಯಿಂದ ಬೀಗಿತಿ ಕೂಗಿದ್ದು ನನಗೂ ಕೇಳಿಸಿತು. ಪೂಜೆಯೇ ತಪ್ಪು ಅನ್ನುತ್ತೀರಾ ಎಂದು ಅತ್ತುಬಿಟ್ಟರು. ಬೀಗರು, ಪೂಜೆ ತಪ್ಪಲ್ಲ, ನನ್ನ ಕೈ ತಪ್ಪು ಎಂದರು. ಆಮೇಲೆ ಮಗಳ ಕಂಪನಿಯ ಮೇಲಿನವಳ ಹತ್ತಿರವೂ ಮಾತಾಡುತ್ತೇನೆ ಎಂದು ಹಟ ಹಿಡಿದರು. ಮಗಳು ತಲೆ ಚಚ್ಚಿಕೊಂಡು ಫೋನು ಕೊಟ್ಟಳು. ಆ ಹೆಂಗಸು ಎಲ್ಲ ಕೇಳಿ, ನಗಲೂ ಇಲ್ಲ, ಬೈಯಲೂ ಇಲ್ಲ. ಇನ್ನು ಸ್ವಲ್ಪ ದಿನ ನೋಡುತ್ತೇವೆ ಎಂದಳಂತೆ. ಅರ್ಧ ಕೆಲಸ ಬೇರೆಯವರಿಗೆ ಹೋಗಿಯೇ ಹೋಯಿತು. ಅದು ವಾಪಸು ಬರಲು ಮಗಳು ಮುಂದಿನ ದಸರೆಯವರೆಗೆ ದುಡಿದಳು.

ಆ ಮುಂದಿನ ದಸರೆಗೆ ಆಟೋನಗರದ ಶೆಡ್ಡಿನಲ್ಲಿ ನಾನೂ ಇದ್ದೆ. ಬೀಗರು ಎಲ್ಲ ಲಾರಿಗಳಿಗೂ ಬಂಪರಿನ ಮೇಲೆ ಬೊಟ್ಟಿಟ್ಟರು. ಬಾನೆಟ್ ಎತ್ತಲಿಲ್ಲ. ಅವರ ಹಳೇ ಮೆಕ್ಯಾನಿಕ್ ಮುಖ ಗಂಟು ಹಾಕಿಕೊಂಡು, ಯಜಮಾನರು ಈ ವರ್ಷ ಅಮ್ಮವಾರಿಯನ್ನು ಗೇಟಿನ ಹೊರಗೇ ನಿಲ್ಲಿಸಿಬಿಟ್ಟರು ಎಂದ. "ಲಾರಿಗೆ ಏನೂ ಆಗ್ತಿರಲಿಲ್ಲ," ಎಂದು ನಾನೂ ಹೇಳಿದೆ. "ಲಾರಿಗಲ್ಲ ಚೆಲ್ಲೆಮ್ಮಾ, ನನಗ," ಎಂದರು. ಬೀಗಿತಿ ಆ ದಿನವಿಡೀ ಅವರ ಜೊತೆ ಮಾತಾಡಲಿಲ್ಲ. ಅಲ್ಲಿ ಇನ್ನೊಂದು ಮಾತನ್ನೂ ಕೇಳಿದೆ. ಹಬ್ಬವೆಂದು ಹುಡುಗರು ರಜೆ ಕೇಳಿದಾಗ, ಅರ್ಧ ಬಿಚ್ಚಿದ್ದ ಒಂದು ಗಾಡಿ ತೋರಿಸಿ, "ಮಂದಿ ಗಾಡಿ ನಮ್ಮ ಶೆಡ್ಡಿನ್ಯಾಗ ನಿಂತ್ರ, ಅವರ ಮನಿ ಒಲಿ ನಿಂತಂಗ. ಕೂಡಿಸಿ ಹೋಗ್ರಿ," ಎಂದರು.

ಹೋದ ವರ್ಷ ಅವರ ಎದೆ ಕೆಟ್ಟಿತು. ಇಷ್ಟು ವರ್ಷ ಕುಡಿದ ಡೀಸೆಲ್ ಹೊಗೆ ಎಂದರು ಡಾಕ್ಟರು. ನೋಡಿಕೊಳ್ಳಲು ಮಗಳೂ ನಾನೂ ವಿಜಯವಾಡಕ್ಕೆ ಹೋದೆವು. ಕಂಪ್ಯೂಟರನ್ನೂ ಹೊತ್ತುಕೊಂಡು ಹೋದೆವು. ಮಹಡಿಯ ಕೋಣೆಯಲ್ಲಿ ಅವರ ಮಂಚ ಒಂದು ಕಡೆ, ಮಗಳ ಕಂಪ್ಯೂಟರ್ ಇನ್ನೊಂದು ಕಡೆ. ಅವಳು ಟೈಪು ಮಾಡುವ ಸದ್ದು ನಿಂತರೆ ಕಣ್ಣು ತೆರೆದು, ಏನಾಯಿತೆಂದು ಕೈಯಲ್ಲೇ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಆ ಸದ್ದು ನಡೆಯುತ್ತಿರುವಾಗಲೇ ಹೋದರು.

ಸಂಜೆ ಗಂಡಸರು ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದರು. ಬೀಗಿತಿಯ ಅಕ್ಕಂದಿರು ಕಂಪ್ಯೂಟರಿನ ಮೇಲೆ ಒಂದು ಹಳೆಯ ಸೀರೆ ಹೊದಿಸಿ, ಹನ್ನೊಂದನೆಯ ದಿನದವರೆಗೆ ಸೊಸೆ ಅದನ್ನು ಮುಟ್ಟಬಾರದು, ಮಾವ ಹೋದ ಮನೆಯಲ್ಲಿ ಇದೇನು ಕೆಲಸ ಎಂದರು. ಬೀಗಿತಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಗಳು ನನ್ನ ಕಿವಿಯಲ್ಲಿ, "ಅವ್ವಾ, ಆಪರೇಷನ್ನಿನ ಫೈಲು ಬಂದು ಕುಂತಾವು. ಅಲ್ಲಿ ಡಾಕ್ಟರು ಕಾಯಾಕತ್ತಾರ. ಹನ್ನೊಂದು ದಿನ ಅಂದ್ರ ಕೆಲಸ ಹೋದಂಗ," ಎಂದಳು. ಅದು ಎದುರಾಡುವ ದಿನವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದೆ. ಮಹಡಿಗೆ ಹೋಗಿ ಸೀರೆ ತೆಗೆದು ಮಡಚಿ ಖಾಲಿ ಮಂಚದ ಮೇಲಿಟ್ಟೆ. ವೈರು ಚುಚ್ಚಿದೆ. ಮಗಳನ್ನು ಕರೆದು ಕೂರಿಸಿದೆ. ಆಮೇಲೆ ಕುರ್ಚಿ ಎಳೆದುಕೊಂಡು ಬಂದು ಮೆಟ್ಟಿಲಿನ ಬಾಗಿಲಿಗೆ ಅಡ್ಡ ಹಾಕಿ ಕುಳಿತೆ. ಮೊದಲು ಮೇಲೆ ಬಂದವರು ಬೀಗಿತಿ, ಕೈಯಲ್ಲಿ ನನಗೆಂದು ತಂದ ಚಹಾ. ನನ್ನನ್ನು ನೋಡಿದರು, ಒಳಗಿನ ಸದ್ದು ಕೇಳಿದರು. ಕೆಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದು ಮಗಳಿಗೆ ಕೊಡಲು ನನ್ನ ಕೈಗಿಟ್ಟರು.