ಸೌಟು ಮುಟ್ಟದ ಬಾಳೆಕಾಯಿ ಗಸಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಒಬ್ಬ ಅಜ್ಜಿಯ ಅಡುಗೆಮನೆಗೆ ಬೀಗ ಹಾಕಿಸಿದವನು ನಾನು. ಅದೂ ನಾಲ್ಕು ಜನ ನಗಲಿ ಎಂದು.

ಈ ಶುಕ್ರವಾರ ಮಸ್ಕತ್ತಿನ ಅಲ್ ಅಜೈಬಾದ ನನ್ನ ಫ್ಲ್ಯಾಟಿನಲ್ಲಿ ಬಾಳೆಕಾಯಿ ಸಿಪ್ಪೆ ತೆಗೆಯುತ್ತಿದ್ದೆ. ಸೊನೆ ಬೆರಳಿಗೆ ಅಂಟಿತು. ಒಲೆಯ ಮೇಲೆ ತೆಂಗಿನ ಹಾಲಿಗೆ ಬಿದ್ದ ಲವಂಗದ ಪರಿಮಳ ಎದ್ದಿತು... ಕೆಳಮನೆಯ ಬೀಬಿ ನೆನಪಾದರು.

ಬೀಬಿ ಎಂದರೆ ಅವರ ಸ್ವಾಹಿಲಿಯಲ್ಲಿ ಅಜ್ಜಿ. ಝಾಂಜಿಬಾರಿನಲ್ಲಿ ಹುಟ್ಟಿ ಬೆಳೆದು ಮಸ್ಕತ್ತಿಗೆ ಬಂದ ಒಮಾನಿ. ಅಲ್ಲಿನ ಗುಜರಾತಿ ಅಂಗಡಿಗಳಲ್ಲಿ ಕಲಿತ ಹಿಂದಿ ಅವರದು, ಮಂಗಳೂರಿನ ಹಿಂದಿ ನನ್ನದು. ನಾವಿಬ್ಬರು ಮಾತಿಗೆ ಕೂತರೆ ಹಿಂದಿಯವರು ಎದ್ದು ಓಡಬೇಕು. ನಾನೋ ಕಂಡವರನ್ನೆಲ್ಲ ಅಣಕಿಸುವವನು. ಮ್ಯಾನೇಜರ್ ಬೈಯುವ ಮೊದಲು ಕೆಮ್ಮುವುದು, ಮಮ್ಮಿ ಫೋನಿನಲ್ಲಿ "ಊಟ ಆಯ್ತಾ" ಎಂದು ಮೂರು ಸಲ ಕೇಳುವುದು, ಕನ್ನಡಿ ಮುಂದೆ ನಾನೇ ಹೊಟ್ಟೆ ಒಳಗೆಳೆದುಕೊಳ್ಳುವುದು... ಯಾರನ್ನೂ ಬಿಟ್ಟವನಲ್ಲ.

ಬೀಬಿಯ ಗಸಿಗೆ ಒಂದೇ ಕಟ್ಟುನಿಟ್ಟು. ಆಡಿನ ಮಾಂಸ ಬೆಂದು, ಬಾಳೆಕಾಯಿ ಬಿದ್ದು, ದಪ್ಪ ಹಾಲು ಸೇರಿದ ಮೇಲೆ ಸೌಟು ಹಾಕಬಾರದು, ಹೋಳು ಒಡೆಯುತ್ತದೆ. ಪಾತ್ರೆಯ ಎರಡು ಕಿವಿ ಹಿಡಿದು ಕುಲುಕಬೇಕು. ಕುಲುಕುವಾಗ ಅವರ ಸೊಂಟವೂ ಜೊತೆಗೂಡುತ್ತಿತ್ತು. ಆದರೆ ಪಾತ್ರೆ ಕೆಳಗಿಟ್ಟ ಮೇಲೂ ಕೈ ನಿಲ್ಲುತ್ತಿರಲಿಲ್ಲ. ನಡುಕ. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಶುಕ್ರವಾರ ಅವರ ಮಗ ನಮಾಜಿಗೆ ಹೋದ ಕೂಡಲೇ ಕೆಳಗಿಳಿದು, ಬಾಳೆಕಾಯಿ ಹೆಚ್ಚಿ ಕೊಟ್ಟು, ಅವನು ಬರುವುದರೊಳಗೆ ಮೇಲೆ ಓಡುತ್ತಿದ್ದೆ.

"ಮಗನಿಗೆ ತಿಳಿದರೆ ಒಲೆ ಹತ್ತಿರ ಬಿಡುವುದಿಲ್ಲ," ಅಂದಿದ್ದರು. "ಒಲೆ ಇಲ್ಲದಿದ್ದರೆ ಈ ಮನೆಯಲ್ಲಿ ನಾನೊಂದು ಕುರ್ಚಿ. ಬಾಯಿ ಮುಚ್ಚಿಕೊಂಡಿರು, ಕೋತಿ."

"ಬಾಯಿ ಬಿಡುವುದಿಲ್ಲ ಬೀಬಿ," ಅಂದೆ. ಬಿಡಲಿಲ್ಲ ಕೂಡ.

ಆ ಈದ್‌ಗೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಹಾಲ್ ತುಂಬ ಸೊಸೆ, ಮೊಮ್ಮಕ್ಕಳು, ಸುವೈಕ್ ಊರಿನಿಂದ ಬಂದ ನೆಂಟರು. ಊಟ ಮುಗಿದಿತ್ತು. "ಯಲ್ಲಾ, ಏನಾದರೂ ಮಾಡಿ ತೋರಿಸು," ಅಂದರು ಮಕ್ಕಳು. ಬೀಬಿಯ ಮಗ ಕಾರು ಓಡಿಸುವುದನ್ನು ಮಾಡಿ ತೋರಿಸಿದೆ. ಚಪ್ಪಾಳೆ. ಖಾಲಿ ಪಾತ್ರೆ ಎತ್ತಿಕೊಂಡು ಬೀಬಿಯಾದೆ, ಸೊಂಟ ಕುಲುಕಿಸಿದೆ. ಬೀಬಿಯೂ ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿಗೆ ನಿಲ್ಲಿಸಿದ್ದರೆ...

ಚಪ್ಪಾಳೆ ತಲೆಗೇರಿತ್ತು. ಪಾತ್ರೆ ಕೆಳಗಿಟ್ಟು, ಚಾಕು ಹಿಡಿದವನಂತೆ ಬೆರಳು ನಡುಗಿಸಿದೆ. ಚಾಕು ಒಂದು ಕಡೆ, ಬಾಳೆಕಾಯಿ ಒಂದು ಕಡೆ. ಎರಡೂ ಸೇರುವುದೇ ಇಲ್ಲ. ಬಹಳ ಚೆನ್ನಾಗಿ ಬಂತು ಮಾರಾಯ್ರೆ, ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾರೂ ಬಂದಿಲ್ಲ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗ ನಗಲಿಲ್ಲ. ಎದ್ದು ಹೋಗಿ ತಾಯಿಯ ಕೈ ಹಿಡಿದುಕೊಂಡ. ಅವನ ಮುಷ್ಟಿಯೊಳಗೂ ಅದು ನಡುಗುತ್ತಲೇ ಇತ್ತು.

"ಯಾವಾಗಿನಿಂದ, ಉಮ್ಮಿ?" ಅಂದ. ಬೀಬಿ ನನ್ನನ್ನೇ ನೋಡುತ್ತಿದ್ದರು. "ಖಲಾಸ್. ಇನ್ನು ನೀವು ಒಲೆ ಮುಟ್ಟಬಾರದು," ಅಂದ ಮಗ.

ಮರುವಾರ ಕೆಲಸದವಳು ಬಂದಳು. ಅವಳಿಲ್ಲದ ಹೊತ್ತಿಗೆ ಅಡುಗೆಮನೆಗೆ ಬೀಗ. ಕ್ಷಮೆ ಕೇಳಲು ಇಳಿದೆ. ಬೀಬಿ ಟಿವಿ ಎದುರು ಕುರ್ಚಿಯಲ್ಲಿದ್ದರು, ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು. ಕ್ಷಮೆ ಕೇಳುವುದಾದರೂ ನೆಟ್ಟಗೆ ಬರುತ್ತದೆಯೇ ನನಗೆ? ನಗಿಸಲು ನನ್ನನ್ನೇ ಅಣಕಿಸಿದೆ; ಕಿವಿ ಹಿಡಿದು ಕೋತಿಯಂತೆ ಕುಣಿದೆ. ಕೊನೆಯವರೆಗೂ ನೋಡಿದರು. ಒಂದೇ ಮಾತು ಅಂದು ಟಿವಿ ಕಡೆ ತಿರುಗಿದರು. ಮತ್ತೆ ನನಗೆ ಆ ಬಾಗಿಲು ತೆರೆಯಲಿಲ್ಲ. ಮುಂದೆ ಅವರನ್ನು ಸುವೈಕ್‌ಗೆ ಕರೆದೊಯ್ದರು. ಅಲ್ಲೇ ತೀರಿಕೊಂಡರಂತೆ. ನಮ್ಮ ಕಟ್ಟಡದ ವಾಚ್‌ಮನ್ ಹೇಳಿದ, ಲಿಫ್ಟ್ ಕೆಟ್ಟಿದೆ ಎನ್ನುವಷ್ಟೇ ಸಲೀಸಾಗಿ.

ಈಗ ಪಾತ್ರೆಯ ಕಿವಿ ಹಿಡಿದರೆ ಬೇಡವೆಂದರೂ ಅವರ ನಡುಕ ನನ್ನ ಕೈಗೆ ಬರುತ್ತದೆ. ಹೋಳು ಒಡೆಯುವುದಿಲ್ಲ. ಗಸಿ ಅವರದರಂತೆಯೇ ಆಗುತ್ತದೆ. ಒಬ್ಬನೇ ಕೂತು ಉಣ್ಣುವಾಗ ಆ ಮಾತು ಕೇಳಿಸುತ್ತದೆ:

"ನನ್ನ ಕೈ ನಿನಗೆ ಅಷ್ಟು ಚೆನ್ನಾಗಿ ಬರುತ್ತದಲ್ಲ ಕೋತಿ, ಇನ್ನು ನೀನೇ ಮಾಡಿಕೊಂಡು ತಿನ್ನು."