ಗದ್ದುಗೆ ಎಂದು ಹೇಳಿದ ಗೋರಿ

2011ರಲ್ಲಿ ನಾನು ರಾಯದುರ್ಗದ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಊರಿನ ಜೀನ್ಸ್ ಯೂನಿಟ್‌ಗಳಿಗೆ ಬೇಕಾದ ಕೈಗಳನ್ನು ತಯಾರು ಮಾಡುವುದು ನಮ್ಮ ಕೆಲಸ. ಆ ವರ್ಷ ಹನ್ನೊಂದು ಹೆಂಗಸರನ್ನು ಟ್ರೇಡ್ ಟೆಸ್ಟ್‌ಗೆ, ಅಂದರೆ ಕಸುಬಿನ ಪರೀಕ್ಷೆಗೆ, ಹೈದರಾಬಾದಿಗೆ ಕರೆದೊಯ್ಯಬೇಕಿತ್ತು. ಪರೀಕ್ಷೆ ಮುಗಿದ ಮೇಲೆ ಸಂಜೆ ಕುತುಬ್ ಶಾಹಿ ಅರಸರ ಗೋರಿಗಳನ್ನು ತೋರಿಸುವ ಕಾರ್ಯಕ್ರಮವೂ ಇತ್ತು.

ಅವರಲ್ಲಿ ಹೊನ್ನೂರಮ್ಮ ಎಲ್ಲರಿಗಿಂತ ಚುರುಕು. ಗುಮ್ಮಘಟ್ಟದ ಕಡೆಯ ಕುರಿ ಸಾಕುವವರ ಮನೆಯ ಸೊಸೆ. ಗಂಡ ಬೆಂಗಳೂರಿನಲ್ಲಿ ದುಡಿಯುತ್ತಿದ್ದ. ಪಾಸಾದರೆ ನಮ್ಮ ಕೇಂದ್ರದಲ್ಲೇ ಟ್ರೈನರ್ ಕೆಲಸ. ಇಲ್ಲದಿದ್ದರೆ ಆರು ವರ್ಷದ ಮಗಳನ್ನು ತವರಿನಲ್ಲಿ ಬಿಟ್ಟು ಅವಳೂ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಬೇಕು. ಮಗಳನ್ನು ಬಿಟ್ಟಿರುವುದು ಅವಳಿಗೆ ಸುತರಾಂ ಬೇಡವಾಗಿತ್ತು.

ಆದರೆ ಅವಳ ಮಾವ ಒಪ್ಪಲಿಲ್ಲ. “ಹೊಲಿಗಿ ಪರೀಕ್ಷೆಗೆ ಅಷ್ಟು ದೂರ ಯಾಕ ಹೋಗಬೇಕ್ರಿ?” ಎಂದ. ನನಗೋ ಹನ್ನೊಂದು ಹೆಸರುಗಳ ಪಟ್ಟಿ ಮುಗಿಸುವ ಆತುರ. “ಪರೀಕ್ಷೆ ಒಂದು ನೆಪ ರೀ ಯಜಮಾನ್ರೆ. ಅಲ್ಲಿ ದೊಡ್ಡ ಗದ್ದಿಗಿ ಐತಿ, ದರ್ಶನ ಮಾಡ್ಸಿ ಕರ್ಕೊಂಡು ಬರ್ತೀನಿ” ಎಂದುಬಿಟ್ಟೆ. ಗದ್ದುಗೆ ಎಂದರೆ ಗುರುಗಳನ್ನು ಸಮಾಧಿ ಮಾಡಿ ಪೂಜಿಸುವ ಜಾಗ. ಅರಸನದು ಬರೀ ಗೋರಿ. ಈ ವ್ಯತ್ಯಾಸ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮುದುಕ ಆ ಮಾತಿಗೆ ಕೈ ಮುಗಿದು ಹೂಂ ಅಂದ. ಉಪಾಯ ಫಲಿಸಿತೆಂದು ನಾನು ಬೀಗಿದೆ.

ಹೈದರಾಬಾದಿನಲ್ಲಿ ಬೆಳಿಗ್ಗೆ ಎಲ್ಲರೂ ಇಡ್ಲಿ ತಿಂದರು. ಹೊನ್ನೂರಮ್ಮ ತಿನ್ನಲಿಲ್ಲ. ಪರೀಕ್ಷೆಯ ಭಯ ಇರಬೇಕು ಎಂದುಕೊಂಡೆ. ಮಧ್ಯಾಹ್ನವೂ ಅವಳು ಊಟಕ್ಕೆ ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ಊಟದ ನಂತರ ಮುಖ್ಯವಾದ ಭಾಗ: ಪ್ಯಾಂಟಿನ ಜಿಪ್ ಪಟ್ಟಿಯ ಮೇಲೆ ಇಂಗ್ಲಿಷಿನ ಜೆ ಅಕ್ಷರದಂತೆ ಬಾಗುವ ಜೋಡಿ ಹೊಲಿಗೆ. ನಮ್ಮ ಕೇಂದ್ರದಲ್ಲಿ ಅದನ್ನು ಅವಳು ಮಾತಾಡುತ್ತಲೇ ಹೊಲಿದುಬಿಡುತ್ತಿದ್ದಳು. ಆ ದಿನ ತಿರುವಿನಲ್ಲಿ ಹೊಲಿಗೆ ದಾರಿ ತಪ್ಪಿತು, ಸೂಜಿ ಮುರಿಯಿತು. ಎರಡನೆಯ ತುಂಡೂ ಹಾಳಾಯಿತು. ಪರೀಕ್ಷಕರು ಫೇಲ್ ಎಂದು ಬರೆದರು.

ಸಂಜೆ ಗೋರಿಗಳ ಆವರಣಕ್ಕೆ ಹೋದೆವು. ದೊಡ್ಡ ಗುಮ್ಮಟದೊಳಗೆ ತಂಪಾಗಿತ್ತು. ಹೊನ್ನೂರಮ್ಮ ಚೀಲದಿಂದ ತೆಂಗಿನಕಾಯಿ ತೆಗೆದಳು. ಕಾವಲುಗಾರ ಬೇಡವೆಂದು ಕೈಯಾಡಿಸಿದ. ಅವಳು ನನ್ನ ಕಡೆ ತಿರುಗಿ, “ಇದು ಯಾವ ಸ್ವಾಮಿಗಳ ಗದ್ದಿಗಿ ರೀ ಸರ?” ಎಂದಳು.

ಆಗ ಎಲ್ಲವೂ ಹೊಳೆಯಿತು. ಗದ್ದುಗೆಗೆ ಹೋಗುವ ದಿನ ದರ್ಶನವಾಗುವವರೆಗೂ ಅವರ ಮನೆಯವರು ಅನ್ನ ಮುಟ್ಟುವುದಿಲ್ಲ. ನನಗೆ ಗೊತ್ತಿದ್ದ ಪದ್ಧತಿಯೇ ಅದು. ಅವಳು ಹಸಿದ ಹೊಟ್ಟೆಯಲ್ಲೇ ಪರೀಕ್ಷೆಗೆ ಕೂತಿದ್ದಳು. ನಾಚಿಕೆಯಿಂದ ನೆಲ ನೋಡುತ್ತಾ, “ಸ್ವಾಮಿಗಳದ್ದಲ್ಲಮ್ಮ, ರಾಜಂದು. ಗೋರಿ. ನಿಮ್ಮ ಮಾವ ಕಳಿಸ್ಲಿ ಅಂತ ಸುಳ್ಳು ಹೇಳಿದೆ” ಎಂದೆ.

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವಳು ಗುಮ್ಮಟದ ತುದಿಯವರೆಗೆ ಒಮ್ಮೆ ಕಣ್ಣಾಡಿಸಿ, “ಹೋಗ್ಲಿ ಬಿಡ್ರಿ. ಪಾಪ, ರಾಜನ ಹೆಸರಿಗೆ ಯಾರು ಉಪವಾಸ ಮಾಡ್ತಾರ? ನಾ ಒಬ್ಬಾಕಿ ಮಾಡ್ದಂಗಾತು” ಎಂದಳು. ಹೊರಗಿನ ಮೆಟ್ಟಿಲ ಮೇಲೆ ಕೂತು ಬುತ್ತಿಯ ರೊಟ್ಟಿ ಮುರಿದಳು. ತಿನ್ನುತ್ತಾ ಅಳುತ್ತಿದ್ದಳು. ರೊಟ್ಟಿ ಮುಗಿಸಿ, “ಊರಾಗ ಈ ಮಾತು ಆಡಬ್ಯಾಡ್ರಿ. ಇನ್ನೊಂದು ಸಲ ಯಾರನ್ನೂ ಕಳಸಂಗಿಲ್ಲ” ಎಂದಳು.

ಮರುಪರೀಕ್ಷೆ ಒಂದು ವರ್ಷದ ಮೇಲೆ. ಅಲ್ಲಿಯವರೆಗೆ ಅವಳು ಬೆಂಗಳೂರಿನಲ್ಲಿ ದುಡಿದಳು, ಮಗಳು ತವರಿನಲ್ಲಿ ಬೆಳೆದಳು. ನನ್ನ ಒಂದು ಮಾತಿಗೆ ಆ ಮಗು ಒಂದು ವರ್ಷ ತೆತ್ತಿತು.

ಮುಂದಿನ ಬಾರಿ ಮನೆಮನೆಗೆ ಹೋಗಿ, ಪರೀಕ್ಷೆಯನ್ನು ಪರೀಕ್ಷೆ ಎಂದೂ ಗೋರಿಯನ್ನು ಗೋರಿ ಎಂದೂ ಹೇಳಿದೆ. ಮೂರು ಮನೆಯವರು ಬಾಗಿಲು ಹಾಕಿಕೊಂಡರು. ಹೊನ್ನೂರಮ್ಮ ಬೇಡವೆಂದಿದ್ದರೂ ಅವಳ ಮಾವನೆದುರು ಹಿಂದಿನ ಸುಳ್ಳನ್ನೂ ಒಪ್ಪಿಕೊಂಡೆ. ಮುದುಕ ಬಾಯಿಗೆ ಬಂದಂತೆ ಬೈದು, ಕೊನೆಗೆ ಸೊಸೆಯನ್ನು ಬೆಂಗಳೂರಿನಿಂದ ಕರೆಸಿ ಕಳಿಸಿದ. ಜನ ಒಪ್ಪಲೆಂದು ಮಾತು ತಿರುಚಿದರೆ ಅದರ ಪೆಟ್ಟು ತಿನ್ನುವವರು ಬೇರೆಯವರೇ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಪರೀಕ್ಷೆಯ ದಿನ ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಹೊನ್ನೂರಮ್ಮ ನನ್ನನ್ನು ತಡೆದು ಎಲ್ಲರೆದುರು ಕೇಳಿದಳು: “ಸರ, ಈ ಸಲ ಇಡ್ಲಿ ತಿನ್ನಬಹುದಲ್ರೀ?”